ಕೋಳಿ ಬುಟ್ಟ್ಯಾಗಿನ ಟಿಟ್ಟಿಭದ ತತ್ತಿ

ಅವ್ವಾ, ನಾನು ಗವಿಸಿದ್ದೇಶ. ಈ ವಾಯ್ಸ್ ಮೆಸೇಜ್ ಪೂರಾ ಕೇಳು, ನಡುವ ಬಂದ್ ಮಾಡಬ್ಯಾಡ.

ಅಪ್ಪ ಹೊಲದಾಗ ಕುಂಟಿ ಹೊಡದ್ರ ಒಡೀತಾವು ಅಂತ ಇವತ್ತ ಮುಂಜಾನಿ ನೆಲದ ತಗ್ಗಿನಾಗಿನ ಟಿಟ್ಟಿಭ ಹಕ್ಕಿ ತತ್ತಿ ತಂದು ಕೋಳಿ ಕೆಳಗ ಇಟ್ಟೀದಿ. ನಿನ್ನ ಜೀವ ಮರುಗಿದ್ದು ಖರೆ. ಆದ್ರ ಪರಿಸರ ಸಂಘದವರು ಅಧ್ಯಯನಕ್ಕ ಕೇಳಿದ್ದು ಹೊಲದಾಗಿನ ಗೂಡಿನ ಫೋಟೋ. ನೀ ಕಳಿಸಿದ್ದು ಕಾವಿಗಿ ಕುಂತ ಕೋಳಿ ಫೋಟೋ! ನಮ್ಮವ್ವ ಗೂಡು ಕಾಯ್ತಾಳ ಅಂತ ಅವರಿಗಿ ಮಾತು ಕೊಟ್ಟೀನಿ. ಕೋಳಿ ಕಾವು ಕೊಟ್ಟೀತು, ಹಾರಾಕ ಕಲಸಂಗಿಲ್ಲ.

ಈಗಿಂದೀಗ ಹೋಗಿ ತತ್ತಿ ಅದ ತಗ್ಗಿನಾಗ ಇಡು. ಸ್ವಲ್ಪ ದೂರ ಗುರುತಿಗಿ ಒಂದು ಕೋಲು ನೆಡು. ಕುಂಟಿ ಹೊಡೀಬೇಕಾದ್ರ ಅಷ್ಟ ಜಾಗಾ ಬಿಡಂತ ಅಪ್ಪಗ ಹೇಳು. ಬೈದ್ರ ನನಗ ಫೋನ್ ಹಚ್ಚಿ ಅವನ ಕೈಯಾಗ ಕೊಡು.

ಹಕ್ಕಿ ನಿನ್ನ ತಲಿ ಮ್ಯಾಲ ಬಂದು ಒದರಿದ್ರ ಅಂಜಬ್ಯಾಡ, ತಾಯಿ ತಿರುಗಿ ಬಂದಾಳಂತ ತಿಳಿ. ನನಗ ಫೋನ್ ಹಚ್ಚಿ ಮ್ಯಾಲ ಎತ್ತಿ ಹಿಡಿ. ಗೋವಾದಾಗ ಕುಂತು ನಾನೂ ಕೇಳ್ತೀನಿ.

ನಿನ್ನ ಮಗ,
ಗವಿಸಿದ್ದೇಶ