ಬಲಗೈಯ ಉಣ್ಣೆದಾರ

೧೦ ನವೆಂಬರ್, ಬೆಳಿಗ್ಗೆ ೭
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ನಾಲ್ಕೂ ತಾಲೂಕಿನಲ್ಲಿ ಬಿಪಿ ನೋಡುವುದರಲ್ಲಿ ನನ್ನನ್ನು ಮೀರಿಸುವ ಡಾಕ್ಟರ್ ಹುಟ್ಟಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟದ್ದು ದೇಶಕ್ಕೆ ನಷ್ಟ.

ತಂಗಿ ರಾಮವ್ವನ ಮಗಳು ಸುವರ್ಣಾ, ಹದಿನಾಲ್ಕು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹುಟ್ಟಿನಿಂದ ಇಕ್ಕಟ್ಟು. ಕೂಸಿದ್ದಾಗ ಎದೆ ಕೊಯ್ದು ಸರಿ ಮಾಡಿದ್ದರು. ಮತ್ತೆ ಬಿಗಿದಿದೆ. ಈ ಸಲ ಕೊಯ್ಯುವುದಿಲ್ಲವಂತೆ — ತೊಡೆಯಿಂದ ತಂತಿ ತೂರಿಸಿ, ಬಲೂನು ಉಬ್ಬಿಸಿ, ಸ್ಟೆಂಟ್ ಕೂರಿಸುವುದು. ಅಲ್ಲಿಯವರೆಗೆ ದಿನಾ ಬಲಗೈ ಬಿಪಿ ನೋಡಿ, ಸೋಮವಾರ ಫೋನ್ ಮಾಡಬೇಕು.

ಬಲ ರಟ್ಟೆಗೆ ಮಾಳಿಂಗರಾಯ ದೇವರ ಹರಕೆಯ ಉಣ್ಣೆದಾರ. ನಿನ್ನೆ ನಾನೇ ಕಟ್ಟಿಸಿದ್ದು. ಬಿಚ್ಚುವಂತಿಲ್ಲ. ಬಿಪಿ ಮಷಿನ್ನಿನ ಪಟ್ಟಿ ಎಡಗೈಗೆ ಸುತ್ತಿದೆ.

"ಮಾಮಾ, ಡಾಕ್ಟರು ಬಲಗೈ ಅಂದಿದ್ರು."

"ಎರಡೂ ಕೈಯಾಗ ಹರಿಯೂದು ಒಂದ ರಗತ ಐತಿ, ಹುಚ್ಚಿ."

೧೧೮. ನಾರ್ಮಲ್.

೧೮ ನವೆಂಬರ್
ಫೋನ್ ಮಾಡಿದೆ. ನಂಬರ್ ಕೇಳಿ, ತುರ್ತಿಲ್ಲ, ಸ್ಟೆಂಟ್ ಜನವರಿಗೆ ಹಾಕೋಣ ಎಂದರು ಡಾಕ್ಟರ್. ರಾಮವ್ವ ಹೋಳಿಗೆ ಮಾಡಿದಳು. ನಮ್ಮೂರು ಹೊರ್ತಿಯಲ್ಲಿ ಜನ ನನ್ನನ್ನು ಡಾಕ್ಟರ್ ಸೋಮನಿಂಗ ಅನ್ನುತ್ತಾರೆ. ಶುರು ಮಾಡಿದವನು ನಾನೇ.

೫ ಡಿಸೆಂಬರ್
ಸುವರ್ಣಾಗೆ ತಲೆನೋವಂತೆ. ನಡೆದರೆ ಕಾಲು ಸೋಲುತ್ತವಂತೆ. ೧೧೪. ಶಾಲೆಯ ಪರೀಕ್ಷೆ ತಪ್ಪಿಸುವ ನೆಪ ಎಂದೆ.

೨೧ ಡಿಸೆಂಬರ್, ವಿಜಯಪುರ
ನಿನ್ನೆ ಶಾಲೆಯಲ್ಲಿ ಮೂಗಿನಿಂದ ರಕ್ತ. ಬಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಕೇಳದೆಯೇ ದಾರ ಕತ್ತರಿಸಿದಳು. ಬಲಗೈ ೧೮೬. ಎಡಗೈ ೧೧೪.

ಕೂಸಿದ್ದಾಗ ಎಡಗೈಗೆ ಹೋಗುವ ನಾಳ ಕತ್ತರಿಸಿ, ಅದರಿಂದಲೇ ಇಕ್ಕಟ್ಟಿನ ಜಾಗಕ್ಕೆ ತೇಪೆ ಹಾಕಿದ್ದಂತೆ. ಆ ಕೈ ಯಾವಾಗಲೂ ಕಡಿಮೆಯೇ ತೋರಿಸುತ್ತದಂತೆ. ನೀವು ನೋಡಿದ್ದು ಯಾವ ಕೈ ಎಂದು ಡಾಕ್ಟರ್ ಕೇಳಿದರು.

"ಬಲಗೈನ ರೀ. ಮಷಿನ್ ಕೆಟ್ಟೈತಿ. ಎರಡ ಮೂರ ದಿನ ಆತು."

ಸುವರ್ಣಾ ನನ್ನನ್ನೇ ನೋಡಿದಳು.

೨೪ ಡಿಸೆಂಬರ್
ಸ್ಟೆಂಟ್ ಕೂರಿಸಿದರು. ಒಂದೂವರೆ ತಾಸು. ತೊಡೆಯ ಮೇಲೆ ಚಿಕ್ಕ ಪಟ್ಟಿ, ಅಷ್ಟೇ. ಬಲಗೈ ೧೨೪. ಪಾದದ ನಾಡಿ ಮುಟ್ಟಿ ನೋಡಿದೆ. ಬಡಿಯುತ್ತಿದೆ... ನನಗೆ ಏನೂ ಅನಿಸಲಿಲ್ಲ.

ಹೃದಯದ ಗೋಡೆ ದಪ್ಪವಾಗಿದೆಯಂತೆ. ಎರಡು ಮೂರು ದಿನಕ್ಕೆ ಹೀಗಾಗುವುದಿಲ್ಲ, ಸರಿಯಾಗಿ ನೆನಪಿಸಿಕೊಳ್ಳಿ ಎಂದರು ಡಾಕ್ಟರ್.

೨ ಜನವರಿ
ಮನೆ. ರಾಮವ್ವ ಇಂಡಿಗೆ ಹೋಗಿ, ಮಷಿನ್ ಮಾರಿದ ದಾವಲಮಲಿಕನ ಅಂಗಡಿಯಲ್ಲಿ ಅದನ್ನು ಬಿಸಾಕಿ ಬೈದು ಬಂದಳಂತೆ. ಅವನು ತಲೆ ತಗ್ಗಿಸಿ ತೆಗೆದಿಟ್ಟುಕೊಂಡನಂತೆ.

ಸುವರ್ಣಾ ಪಕ್ಕದಲ್ಲಿ ಬಂದು ಕೂತಳು.

"ಎಷ್ಟ ದಿನಾ ಅಂತ ನೀ ಹೇಳ್ತಿಯೋ, ನಾ ಹೇಳ್ಲೋ, ಮಾಮಾ?"

ಕ್ಯಾಲೆಂಡರ್ ತೆಗೆದೆ. ಎಡಗೈಗೆ ಪಟ್ಟಿ ಸುತ್ತಿದ ಮೊದಲ ದಿನದಿಂದ ಅವಳು ಬಿದ್ದ ದಿನದವರೆಗೆ ಬೆರಳಿಟ್ಟು ಎಣಿಸಿದೆ. ಎರಡು ಮೂರಲ್ಲ. ನಲವತ್ತೊಂದು. ನಾಳೆ ಮೊದಲು ಡಾಕ್ಟರಿಗೆ ಫೋನ್, ಆಮೇಲೆ ದಾವಲಮಲಿಕನ ಅಂಗಡಿಗೆ. ರಾಮವ್ವನಿಗೆ —