ಮೊದಲನೆಯ ಗಾಜು

ಭಾನುವಾರ, ಹದಿನಾಲ್ಕನೇ ತಾರೀಕು
ಬೆಳಿಗ್ಗೆ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ನೀನೂ, ಮಗಳೂ, ಮೊಮ್ಮಗುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾರ್ಡು ಬಂದು ಎರಡು ತಿಂಗಳಾಯಿತು. ಇಪ್ಪತ್ತನಾಲ್ಕು ವರ್ಷದ ಮೇಲೆ ಬಂದ ಕಾರ್ಡಿಗೆ ಎರಡು ತಿಂಗಳು ಉತ್ತರ ಬರೆಯದೆ ಕೂತವಳನ್ನು ನೀನು ಏನು ಬೇಕಾದರೂ ಅನ್ನಬಹುದು. ಕೆಲಸ ಇತ್ತು, ಕನ್ನಡಕ ಬದಲಾಯಿಸಬೇಕಿತ್ತು ಎಂದೆಲ್ಲ ನಾನು ನೆಪ ಹೇಳಬಹುದು. ನಿಜ ಏನೆಂದರೆ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಇದು ಐದನೆಯದು. ನಿನ್ನ ಕಣ್ಣು, ಮಂಡಿ ಎರಡೂ ಸರಿಯಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು, ಅದಕ್ಕೇ ದಪ್ಪ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆಯುತ್ತಿದ್ದೇನೆ. ಮಗಳ ಕೈಲಿ ಓದಿಸಬೇಡ. ನಿಧಾನವಾಗಿ ನೀನೇ ಓದು.

ಕಾರ್ಡಿನಲ್ಲಿ ನೀನು ಬರೆದದ್ದು ಎರಡೇ ಸಾಲು. "ಸಂಘದ ಪುಸ್ತಕ ನೀನು ಬರೀತಿದೀಯಾ ಅಂತ ಮಗಳು ಹೇಳಿದಳು. ಕಿಟಕಿ ಇನ್ನೂ ಇದೆಯಾ?"

ಇದೆ, ಅಕ್ಕ. ಆಸ್ಪತ್ರೆ ಲಾಂಡ್ರಿಯ ಹಳೇ ಕಟ್ಟಡ ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಿದ್ದಾರೆ. ಹಬೆಯ ಕೊಳವೆ ಹೋಯಿತು, ಆ ದೊಡ್ಡ ಇಸ್ತ್ರಿ ರೋಲರ್ ಗುಜರಿಗೆ ಹೋಯಿತು. ಆದರೆ ಹಿಂದಿನ ಗೇಟಿನ ಪಕ್ಕ ನಮ್ಮ ಕೆಲಸಗಾರರ ಸಂಘದ ಕೋಣೆ ಹಾಗೇ ಇದೆ, ಕಿಟಕಿಯೂ ಹಾಗೇ ಇದೆ. ಮರದ ಚೌಕಟ್ಟಿಗೆ ಮೊನ್ನೆ ಬಣ್ಣ ಬಳಿಸಿದರು. ಕೆಳಗಿನ ಬಲಗಡೆಯ ಗಾಜಿನ ಬಿರುಕು ಮಾತ್ರ ಇನ್ನೂ ಇದೆ, ನೀನು ಪೊರಕೆ ಹಿಡಿ ತಗುಲಿಸಿ ಮಾಡಿದ್ದು.

ನನ್ನನ್ನು ಎಂ.ಎ. ಎಂದು ಕರೆದವಳು ನೀನು. ಓದು ಮುಗಿಸಿ ಎಲ್ಲೂ ಕೆಲಸ ಸಿಗದೆ, ಕೊಳೆಬಟ್ಟೆಯ ಗಂಟುಗಳ ಮೇಲೆ ಯಾವ ವಾರ್ಡಿನದು ಎಂದು ಚೀಟಿ ಬರೆಯುವ ಕೆಲಸಕ್ಕೆ ಬಂದಿದ್ದೆ. ಚೀಲದಲ್ಲಿ ಕವನದ ಪುಸ್ತಕ. ಮೊದಲ ದಿನವೇ ನೀನು ಅದನ್ನು ತೆಗೆದು ತಿರುವಿ, "ಏನೇ ಎಂ.ಎ., ಸಾಲು ಇಷ್ಟು ಸಣ್ಣಗೆ ಯಾಕಿದೆ? ಕಾಗದ ದುಬಾರಿನಾ?" ಎಂದೆ. ಎಲ್ಲರೂ ನಕ್ಕರು. ಮಧ್ಯಾಹ್ನ ಊಟಕ್ಕೆ ಕೂತಾಗ ನೀನೇ ಮೆಲ್ಲಗೆ, "ಒಂದು ಓದು, ಕೇಳಣ" ಎಂದೆ. ಓದಿದೆ. ನೀನು ಎದ್ದು ಹೋಗುವಾಗ, "ನಾಳೆನೂ ತಾ" ಎಂದೆ.

ಆಮೇಲೆ ನೀನು ನನಗೆ ಚಾದರ ಮಡಚುವುದು ಕಲಿಸಿದೆ. ಉದ್ದದ ಚಾದರ ಇಬ್ಬರು ಹಿಡಿಯಬೇಕು. "ಹಿಂದಕ್ಕೆ ಹೋಗು. ಬಿಗಿ ಹಿಡಿ. ಒಂದು ಸಲ ಝಾಡಿಸು. ಈಗ ಬಾ, ನನ್ನ ಕೈಗೆ ನಿನ್ನ ಮೂಲೆ ಕೊಡು, ಮತ್ತೆ ಹೋಗು." ದೂರ ಹೋಗಿ ಹತ್ತಿರ ಬಂದು, ಹತ್ತಿರ ಬಂದು ದೂರ ಹೋಗಿ, ದಿನಕ್ಕೆ ನಾನೂರು ಚಾದರ. ಈಗಲೂ ಮನೆಯಲ್ಲಿ ಹಾಸಿಗೆ ಬಟ್ಟೆ ಒಣಗಿದಾಗ ನನ್ನ ಗಂಡನ ಕೈಗೆ ಎರಡು ಮೂಲೆ ಕೊಡುತ್ತೇನೆ. ಪಾಪ, ಅವರು ಝಾಡಿಸಿದರೆ ನನ್ನ ಕೈಯಿಂದಲೇ ಜಾರಿಹೋಗುತ್ತದೆ. "ನಿನ್ನ ಅಕ್ಕನ್ನೇ ಕರೆಸು" ಎನ್ನುತ್ತಾರೆ.

ಕಿಟಕಿ ನಿನ್ನದೇ ಯೋಚನೆ. ಸಂಘ ಕಟ್ಟಿದ ಹೊಸತು. ಚಾದರದಲ್ಲಿ ಮರೆತು ಬಿಟ್ಟ ಸೂಜಿ ಕೈಗೆ ಚುಚ್ಚುತ್ತಿದ್ದ ಕಾಲ. ಕೈಗವಸು ಬೇಕು, ಹಬೆ ಕೋಣೆಗೆ ಫ್ಯಾನು ಬೇಕು, ಕೆಲಸ ಕಾಯಂ ಆಗಬೇಕು ಎಂದು ನಮ್ಮ ಬೇಡಿಕೆ. ಕಾರ್ಯದರ್ಶಿಯಾಗಿದ್ದ ಗುಡುಗು ಅಣ್ಣ ಗೋಡೆಪತ್ರಿಕೆ ಮಾಡೋಣ ಎಂದರು. ನೀನು ಕಿಟಕಿಯ ನಾಲ್ಕು ಗಾಜು ತೋರಿಸಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಒಂದರಲ್ಲಿ ಏನಾಯ್ತು ಅಂತ ಬರೀರಿ. ಒಂದರಲ್ಲಿ ನಿಯಮ ಏನು ಹೇಳುತ್ತೆ ಅಂತ ಬರೀರಿ. ಒಂದರಲ್ಲಿ ನಾವು ಒಬ್ರಿಗೊಬ್ರು ಹೇಗಿದೀವಿ ಅಂತ. ಮೇಲಿನ ಎಡಗಡೆ ಗಾಜು ಮಾತ್ರ ಬೇರೆ. ಅದರಲ್ಲಿ ಒಬ್ಬೊಬ್ರಿಗೆ ಒಳಗೆ ಏನನ್ನಿಸ್ತು ಅಂತ. ಅದೇ ಮೊದಲನೇದು."

ಗುಡುಗು ಅಣ್ಣನಿಗೆ ಸಿಟ್ಟು ಬಂತು. "ಇದು ಸಂಘದ ಆಫೀಸೋ, ಡೈರಿ ಬರಿಯೋ ಜಾಗಾನೋ?"

"ಅಣ್ಣಾ, ನೀವೂ ಒಂದು ಚೀಟಿ ಬರೀರಿ. ಗೇಟ್ ಮುಂದೆ ಇಷ್ಟು ಏಳೋ ಗಂಟಲು, ಮನೇಲಿ ಅತ್ತಿಗೆ ಮುಂದೆ ಯಾಕೆ ಏಳಲ್ಲ ಅಂತ," ಎಂದೆ ನೀನು.

ಅವರೂ ನಕ್ಕುಬಿಟ್ಟರು. ಗಾಜಿಗೆ ಚೀಟಿ ಅಂಟಿಸುವ ನಮ್ಮ ಕಿಟಕಿ ಶುರುವಾಯಿತು. ಓದಲು ಬಾರದವರು ಅರ್ಧಕ್ಕರ್ಧ ಇದ್ದರಲ್ಲ, ಅದಕ್ಕೆ ಬೆಳಿಗ್ಗೆ ಪಾಳಿಗೆ ಮುಂಚೆ ನಾಲ್ಕೂ ಗಾಜಿನದನ್ನು ನಾನು ಜೋರಾಗಿ ಓದಬೇಕು ಎಂದು ನೀನೇ ಗೊತ್ತು ಮಾಡಿದೆ. "ಹಬೆ ಕೋಣೆಯಲ್ಲಿ ನನಗೆ ಅಳು ಬಂತು, ಯಾಕೆ ಗೊತ್ತಿಲ್ಲ" ಎಂದು ಯಾರೋ ಬರೆದಿದ್ದು ಓದಿದ ದಿನ ಮೂವರು "ನನಗೂ" ಎಂದರು. "ಹೊಸಬರಿಗೇ ಯಾಕೆ ಕೊಳೆಗಂಟು ಬಿಚ್ಚೋ ಕೆಲಸ ಕೊಡ್ತೀವಿ?" ಎಂದು ಮೂರನೆಯ ಗಾಜಿನಲ್ಲಿ ಬಂದ ಮೇಲೆ ನಾವು ಆ ಕೆಲಸವನ್ನು ಸರದಿಯಲ್ಲಿ ಹಂಚಿಕೊಂಡೆವು. ಅದಕ್ಕೆ ಯಾವ ಮುಷ್ಕರವೂ ಬೇಕಾಗಲಿಲ್ಲ.

ನಗಬೇಡ, ಹತ್ತು ವರ್ಷದ ಹಿಂದೆ ಲೈಬ್ರರಿಯಲ್ಲಿ ದಪ್ಪ ತತ್ವಶಾಸ್ತ್ರದ ಪುಸ್ತಕವೊಂದನ್ನು ತೆರೆದರೆ ಒಂದು ಚೌಕ, ನಾಲ್ಕು ಭಾಗ. ಒಬ್ಬರ ಒಳಗು, ಒಬ್ಬರ ಹೊರಗು, ಎಲ್ಲರ ಒಳಗು, ಎಲ್ಲರ ಹೊರಗು. ನಾಲ್ಕನ್ನೂ ಒಟ್ಟಿಗೆ ನೋಡದೆ ಯಾವುದನ್ನೂ ಪೂರ್ತಿ ನೋಡಿದ ಹಾಗಲ್ಲ ಎನ್ನುತ್ತದೆ ಅದು. ಸಮಗ್ರ ದರ್ಶನ ಎಂದು ಅದರ ಹೆಸರು. ನಾನು "ಅಯ್ಯೋ, ಇದು ನಮ್ಮ ಕಿಟಕಿ" ಎಂದು ಜೋರಾಗಿಯೇ ಅಂದುಬಿಟ್ಟೆ. ಲೈಬ್ರರಿಯವರು ಕಣ್ಣು ಬಿಟ್ಟರು.

ಅಲ್ಲಿಂದ ನನಗೆ ಅದೇ ಹುಚ್ಚು ಹಿಡಿಯಿತು. ಇನ್ನೊಂದು ವಿಚಾರಕ್ಕೆ ಮೆಟಾಮಾಡರ್ನ್ ಎನ್ನುತ್ತಾರೆ, ಬಾಯಿ ತಿರುಗದಿದ್ದರೆ ಬಿಡು. ಒಂದು ಕಾಲದವರು ನಾಳೆಯೇ ಲೋಕ ಬದಲಾಗುತ್ತದೆ ಎಂದು ನಂಬಿದರು. ಆಮೇಲಿನವರು ಯಾವುದನ್ನೂ ನಂಬದೆ ಎಲ್ಲವನ್ನೂ ಆಡಿಕೊಂಡು ನಕ್ಕರು. ಈಗ ಕೆಲವರು ಹೇಳುತ್ತಾರೆ, ನಂಬಿಕೆಗೂ ಅನುಮಾನಕ್ಕೂ ನಡುವೆ ಹೋಗಿ ಬರುತ್ತಲೇ ಕೆಲಸ ಮಾಡೋಣ, ಮಧ್ಯದಲ್ಲಿ ನಿಂತುಬಿಡುವುದು ಬೇಡ ಎಂದು. ಓದುತ್ತಿದ್ದಂತೆ ಕಣ್ಣ ಮುಂದೆ ಬಂದದ್ದು ಚಾದರ. ನಿನ್ನ ಮಾತೂ ಬಂತು. ಗುಡುಗು ಅಣ್ಣನ ಭಾಷಣ ಕೇಳುತ್ತ ನೀನು ನನ್ನ ಕಿವಿಯಲ್ಲಿ, "ಲೋಕ ಬದಲಾದ್ರೂ ಚಾದರ ಕೊಳೆ ಆಗೇ ಆಗುತ್ತೆ ಕಣೇ. ಆದ್ರೂ ಘೋಷಣೆ ಮಾತ್ರ ಜೋರಾಗಿ ಕೂಗು" ಎಂದಿದ್ದೆಯಲ್ಲ. ಕೂಗುವಾಗ ನಿನ್ನ ದನಿಯೇ ಎಲ್ಲರಿಗಿಂತ ಮೇಲಿತ್ತು.

ಈಗ ಶನಿವಾರದ ಮಧ್ಯಾಹ್ನ ಸಂಘದ ಕೋಣೆಯಲ್ಲಿ ಹೊಸ ಕಾಲದವರಿಗೆ ಇದನ್ನೇ ಓದಿಸುತ್ತೇನೆ. ಪಾರ್ಸೆಲ್ ಹಂಚುವವರು, ಕಸ ಆಯುವವರು, ನರ್ಸುಗಳು ಬರುತ್ತಾರೆ. ಹೋದ ವಾರ ಪಾರ್ಸೆಲ್ ಹಂಚುವ ಹುಡುಗಿಯೊಬ್ಬಳು ಕೇಳಿದಳು. "ಮೇಡಂ, ಮನಸ್ಸು ಸರಿ ಮಾಡ್ಕೊಂಡ್ರೆ ಸಂಬಳ ಜಾಸ್ತಿ ಆಗುತ್ತಾ? ನಮ್ಮ ಕಂಪನಿನೂ ಇದೇ ಹೇಳುತ್ತೆ. ಉಸಿರು ಎಳ್ಕೊಳಿ, ಬಿಡಿ, ಹೋಗಿ ಡೆಲಿವರಿ ಕೊಡಿ."

ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ. ಅವಳ ಅನುಮಾನ ಸರಿಯಾದದ್ದೇ. ಒಳಗನ್ನು ತೋರಿಸಿ ಹೊರಗನ್ನು ಮರೆಸುವವರು ಬೇಕಾದಷ್ಟು ಜನ ಇದ್ದಾರೆ. ಹೊರಗಿನ ಹೋರಾಟಕ್ಕೆ ಒಳಗನ್ನು ಬಲಿ ಕೊಡುವವರೂ ಇದ್ದಾರೆ, ಅವರು ನಮ್ಮ ಕಡೆಯವರೇ. "ಸಂಬಳವೂ ಬೇಕು, ಮನಸ್ಸೂ ಬೇಕು. ಎರಡೂ ಬೇಕು" ಎಂದೆ. ಅಂದ ಮೇಲೆ ಅವಳ ಮುಖ ನೋಡದೆ ಪುಸ್ತಕದ ಪುಟ ತಿರುವಿದೆ. ಯಾಕೆ ಎಂದು ಕೊನೆಯಲ್ಲಿ ಹೇಳುತ್ತೇನೆ.

"ಇದನ್ನ ಯಾರು ಹೇಳಿದ್ದು ಮೇಡಂ?" ಎಂದಳು. ಪುಸ್ತಕ ಬರೆದವರ ಹೆಸರು ಹೇಳಿದೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ.

ಇನ್ನು ಸಂಘದ ಪುಸ್ತಕದ ಮಾತು. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ ಎಂದು ಚರಿತ್ರೆ ಬರೆಸುತ್ತಿದ್ದಾರೆ. ಬರುವ ಶುಕ್ರವಾರ ಅಚ್ಚಿಗೆ ಹೋಗಬೇಕು. ಎಲ್ಲ ಬರೆದಾಗಿದೆ, ನಿನ್ನ ಪುಟ ಒಂದು ಬಿಟ್ಟು. ಮುಷ್ಕರದ ಹನ್ನೊಂದನೆಯ ದಿನ, ಎಲ್ಲರೂ ಗೇಟಿನ ಹೊರಗೆ ಕೂತಿರುವಾಗ ನೀನು ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಒಳಗೆ ಹೋದೆ. ಒಂದು ಮಾತೂ ಹೇಳದೆ ಹೋದಳು ಎಂದು ಎಲ್ಲರೂ ನಂಬಿದರು. ಐದು ದಿನದ ಮೇಲೆ ನಾವು ಗೆದ್ದೆವು. ಕೈಗವಸು ಬಂತು, ಫ್ಯಾನು ಬಂತು. ನಿನ್ನ ಜೊತೆ ಮಾತ್ರ ಯಾರೂ ಚಾದರ ಹಿಡಿಯಲಿಲ್ಲ. ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿಕೊಂಡು ನೀನೊಬ್ಬಳೇ ಮಡಚುತ್ತಿದ್ದುದನ್ನು ನಾನು ಮೂರು ತಿಂಗಳು ನೋಡಿದೆ. ಒಂದು ಸೋಮವಾರ ನೀನು ಬರಲಿಲ್ಲ.

ಗುಡುಗು ಅಣ್ಣನಿಗೆ ಈಗ ಕಿವಿ ಮಂದ. ನಾವೇ ಅವರ ಮುಂದೆ ಗುಡುಗಬೇಕು. ನಿನ್ನ ವಿಷಯ ಏನು ಬರೆಯಲಿ ಎಂದು ಕಿರುಚಿ ಕೇಳಿದೆ. "ಒಂದು ಸಾಲು ಸಾಕಮ್ಮ. ಹೇಳದೇ ಕೇಳದೇ ಒಳಗೆ ಹೋದ್ಲು ಅಂತ ಬರಿ" ಎಂದರು. ಆಮೇಲೆ, "ಒಂದು ಮಾತು ಹೇಳಿದ್ರೆ ನಾವೇನು ರಾಕ್ಷಸರಾ? ಹೇಳ್ಬೇಕಿತ್ತು ಅವಳು" ಎಂದು ಕಣ್ಣೊರೆಸಿಕೊಂಡರು. ಅವರಿಗೂ ಅದು ಚುಚ್ಚುತ್ತಲೇ ಇದೆ, ಅಕ್ಕ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಕಿಟಕಿಯ ಮುಂದೆ ಸಣ್ಣ ಸಭೆ ಇದೆ. ನೀನು ಬಂದರೆ ಗಾಡಿ ಕಳಿಸುತ್ತೇನೆ. ಬಾ ಎಂದು ಒತ್ತಾಯ ಮಾಡುವ ಬಾಯಿ ನನಗಿಲ್ಲ.

ಮಂಡಿನೋವಿಗೆ ಬಿಸಿನೀರಿನ ಶಾಖ ಕೊಟ್ಟುಕೊ. ಮೊಮ್ಮಗುವಿನ ತಲೆ ಸವರಿ ನನ್ನ ಆಶೀರ್ವಾದ ಹೇಳು. ಮಗಳನ್ನು ಕೇಳಿದೆನೆಂದು ಹೇಳು. ನಿನಗಿಂತ ಚಿಕ್ಕವಳು ನಾನು, ನಿನಗೆ ನಮಸ್ಕಾರವಷ್ಟೇ ಕಳಿಸಬಲ್ಲೆ. ನಿನ್ನ ಹರಕೆ ನನಗಿರಲಿ ಎಂದು ಕೇಳುವ ಮುಂಚೆ ಕೆಳಗಿನದನ್ನು ಓದು.

ನಿನ್ನ,
ಎಂ.ಎ.

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನೀನು ಹೇಳಿಯೇ ಹೋಗಿದ್ದೆ. ಆ ಬೆಳಿಗ್ಗೆ ನಾನು ಕೋಣೆಯ ಬೀಗ ತೆಗೆದಾಗ ಮೊದಲನೆಯ ಗಾಜಿನ ಹೊರಮೈಗೆ ನಿನ್ನ ಚೀಟಿ ಅಂಟಿತ್ತು. "ಹೆರಿಗೆ ವಾರ್ಡಲ್ಲಿ ಮಕ್ಕಳಿಗೆ ಒಣ ಬಟ್ಟೆ ಇಲ್ಲ. ನನಗೆ ನಿದ್ದೆ ಬರ್ತಿಲ್ಲ. ಅದನ್ನ ಮಾತ್ರ ಒಗೀತೀನಿ, ಸಂಬಳ ಬೇಡ. ಮುಷ್ಕರ ಬೇಡ ಅಂತಲ್ಲ. ನನಗೆ ಎರಡೂ ಬೇಕು. ಚಾದರ ಒಬ್ಬಳಿಗೇ ಮಡಚೋಕಾಗಲ್ಲ, ಯಾರಾದ್ರೂ ಒಬ್ರು ಬನ್ನಿ. ಎಂ.ಎ., ಎಲ್ಲರಿಗೂ ಓದಿ ಹೇಳು." ಅವತ್ತೇ ಆಡಳಿತದವರು ಮಾತುಕತೆಗೆ ಕರೆದಿದ್ದರು. ಒಬ್ಬಳ ಹಿಂದೆ ಹತ್ತು ಜನ ಹೋಗಿಬಿಡುತ್ತಾರೆ ಎಂದು ಹೆದರಿದೆ. ನನಗೆ ಯಾರೂ ಹೇಳಿಕೊಡಲಿಲ್ಲ. ನಾನೇ ಕಿತ್ತು ಕವನದ ಪುಸ್ತಕದೊಳಗೆ ಇಟ್ಟೆ. ಉಳಿದ ಮೂರು ಗಾಜು ಓದಿ, "ಮೊದಲನೇದು ಇವತ್ತು ಖಾಲಿ" ಎಂದೆ. ನೀನು ಗುಂಪಿನ ಹಿಂದೆ ನಿಂತು ಕೇಳುತ್ತಿದ್ದೆ. ನನ್ನನ್ನು ನೋಡಿದೆ. ಆಮೇಲೆ ಚೀಲ ಎತ್ತಿಕೊಂಡೆ. ಆ ಮೂರು ತಿಂಗಳಲ್ಲಿ ಒಬ್ಬರ ಹತ್ತಿರವಾದರೂ ನೀನು ನನ್ನ ಹೆಸರು ಹೇಳಲಿಲ್ಲ. ಚೀಟಿ ಈಗಲೂ ಅದೇ ಪುಸ್ತಕದಲ್ಲಿದೆ, ಗೋಂದಿನ ಕಲೆಯ ಸಮೇತ. ನಿನ್ನ ಪುಟದಲ್ಲಿ ಅದನ್ನು ಇದ್ದ ಹಾಗೇ ಹಾಕಿ, ಕಿತ್ತವಳು ನಾನು ಎಂದು ಕೆಳಗೆ ಬರೆಯುತ್ತೇನೆ. ಬೇಡ ಎನ್ನುವುದಾದರೆ ಶುಕ್ರವಾರದೊಳಗೆ ಫೋನಿನಲ್ಲಿ ತಿಳಿಸು. ಸಭೆಯ ದಿನ ಅದನ್ನು ಅದೇ ಗಾಜಿಗೆ ಅಂಟಿಸುತ್ತೇನೆ. ನೀನು ಬಂದರೆ ಎಲ್ಲಿ ಬೇಕಾದರೂ ನಿಂತುಕೊ, ಹಿಂದೆಯಾದರೂ ಸರಿ. ಈ ಸಲ ನಾಲ್ಕೂ ಓದುತ್ತೇನೆ.