ಬದುಕಿದ್ದ ಅಮ್ಮನಿಗೆ ಹಾಡಿದ ಶೋಕಗೀತೆ

ಟೋಕಿಯೊ
೧೨ ನವೆಂಬರ್ ೨೦೧೯

ಪ್ರೀತಿಯ ತಂಗಿ ತಮಿಕೊ,

ನಿಮ್ಮ ಕುಶಿರೊದಲ್ಲಿ ಆಗಲೇ ಹಿಮ ಬಿದ್ದಿರಬೇಕು. ನಿನ್ನ ಮೊಣಕಾಲು ಹೇಗಿದೆ? ಯಜಮಾನರು ಇನ್ನೂ ದೋಣಿಗೆ ಹೋಗುತ್ತಾರೋ, ಮನೆಯಲ್ಲೇ ಕೂತು ನಿನ್ನ ತಲೆ ತಿನ್ನುತ್ತಾರೋ?

ಹನ್ನೊಂದು ವರ್ಷ ಒಂದು ಸಾಲೂ ಬರೆಯದವಳು ಈಗ ಮೊಣಕಾಲು ವಿಚಾರಿಸಿದರೆ ನಿನಗೆ ನಗು ಬಂದೀತು, ಸಿಟ್ಟೂ ಬಂದೀತು. ಬರಲಿ. ಬರೆಯಲು ಕೂತಾಗಲೆಲ್ಲ ಅಮ್ಮನ ಅಂತ್ಯಕ್ರಿಯೆಯ ದಿನ ನೀನು ಆಡಿದ ಮಾತು ಕೈ ಕಟ್ಟಿಹಾಕುತ್ತಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಯಾರೋ ಪರಿಚಯದವಳ ಹಾಗೆ ಕೊನೆಯ ಸಾಲಿನಲ್ಲಿ ನಿಂತಿದ್ದೆ. ನೀನು ಹತ್ತಿರ ಬಂದು, "ಅಕ್ಕ, ನಿನ್ನ ಅಮ್ಮ ಯಾವತ್ತೋ ಸತ್ತೋದ್ಲಲ್ಲ. ಇವತ್ತು ಹೋಗಿರೋದು ನನ್ನ ಅಮ್ಮ. ನೀನ್ಯಾಕೆ ಬಂದೆ?" ಅಂದೆ. ನಾನು ಮುಂದಿನ ರೈಲಿಗೇ ಹೊರಟುಬಿಟ್ಟೆ.

ಹೋದ ತಿಂಗಳು ನಮ್ಮೂರು ಹಚಿನೊಹೆಯಲ್ಲಿ ನನ್ನ ಹಾಡುಗಾರಿಕೆಯ ಐವತ್ತನೇ ವರ್ಷದ ಕಾರ್ಯಕ್ರಮ ಇಟ್ಟುಕೊಂಡಾಗ ನಿನಗೆ ಟಿಕೆಟ್ ಕಳಿಸಿದ್ದೆ. ನೀನು ಅದನ್ನು ಹಾಗೇ ವಾಪಸ್ಸು ಕಳಿಸಿದೆ. ಆದರೆ ಅದರ ಜೊತೆ ಒಂದು ಕಟ್ಟು ಒಣಗಿಸಿದ ಕಡಲಪಾಚಿಯೂ ಇತ್ತು. ಬರೀ ಟಿಕೆಟ್ ಬಂದಿದ್ದರೆ ಈ ಪತ್ರ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಆ ಪಾಚಿಯನ್ನು ಸಾರಿಗೆ ಹಾಕಿ ಮೂರು ದಿನ ಉಂಡೆ.

ತಮಿ, ಆ ಸುಳ್ಳು ಹೇಗೆ ಹುಟ್ಟಿತು ಅಂತ ನಿನಗೆ ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. ಹತ್ತೊಂಬತ್ತಕ್ಕೆ, ಕೇಳಿದವರ ಕಣ್ಣು ತೇವವಾಗಿಸುವ ಎಂಕಾ ಹಾಡುಗಳನ್ನು ಹಾಡುತ್ತೇನೆಂದು ಮನೆ ಬಿಟ್ಟವಳ ಮೊದಲ ಎರಡು ರೆಕಾರ್ಡುಗಳೂ ಮಣ್ಣು ಮುಕ್ಕಿದವು. ರೆಕಾರ್ಡು ಅಂಗಡಿಗಳ ಮುಂದೆ ಕಿತ್ತಳೆ ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ನಿಂತು ಹಾಡುತ್ತಿದ್ದೆ. ಜನ ಕೊಡೆ ಬಿಡಿಸಿಕೊಂಡು ದಾಟಿ ಹೋಗುತ್ತಿದ್ದರು. ಮೂರನೆಯದು 'ಅಮ್ಮನಿಲ್ಲದ ಬಂದರು'. ಹಾಡು ಕೊಟ್ಟ ಕಂಪನಿಯ ಕುರೊಇವಾ ಅನ್ನುವವರು, "ನಿನ್ನ ಅಮ್ಮ ಇದ್ದಾಳೇನಮ್ಮ?" ಅಂದರು. ಇದ್ದಾಳೆ ಅಂದೆ. "ಛೆ," ಅಂದರು, ಯಾರೋ ಸತ್ತ ಸುದ್ದಿ ಕೇಳಿದವರ ಹಾಗೆ. "ಹಾಡಿನಲ್ಲಿ ಹೋಗಿಬಿಟ್ಟಿದ್ದಾಳಲ್ಲ. ಪೇಪರಿನಲ್ಲೂ ಹೋಗಿಬಿಡಲಿ. ನಿನಗೆ ಒಂಬತ್ತು ವರ್ಷ ಇದ್ದಾಗ ಅಂತ ಹಾಕೋಣ."

ಅಮ್ಮನಿಗೆ ಫೋನು ಮಾಡಿ ಹೇಳಿದೆ.

"ನಾನು ಸತ್ತೋದ್ನಾ? ಯಾವ ಕಾಯಿಲೆ?"

"ಕ್ಷಯ ಅಂತ ಬರ್ದಿದ್ದಾರೆ ಅಮ್ಮ."

"ಥೂ! ಸಮುದ್ರಕ್ಕೆ ಬಿದ್ದು ಹೋದ್ಲು ಅಂತ ಬರೆಸ್ಬಾರ್ದಿತ್ತಾ? ಕ್ಷಯ ಅಂದ್ರೆ ನನ್ನ ಒಣಮೀನು ಯಾರೇ ಕೊಳ್ತಾರೆ?"

ಅವಳು ನಕ್ಕಳು ಅಂತ ನಾನೂ ನಕ್ಕೆ. ಒಂದು ವರ್ಷದ ಮಟ್ಟಿಗೆ ಅಂದುಕೊಂಡಿದ್ದೆ. ಹಾಡು ಗೆದ್ದಿತು, ವರ್ಷದ ಕೊನೆಯ ದಿನ ಇಡೀ ದೇಶ ಕೂತು ನೋಡುವ ಕಾರ್ಯಕ್ರಮಕ್ಕೂ ಹೋಯಿತು. ಆಮೇಲೆ ಸುಳ್ಳಿನಿಂದ ಇಳಿಯಲು ಮೆಟ್ಟಿಲೇ ಸಿಗಲಿಲ್ಲ. ಊರಿಗೆ ಹೊಸಬರು ಬಂದರೆ ಹೆತ್ತ ಅಮ್ಮನನ್ನೇ ನೀನು ದೊಡ್ಡಮ್ಮ ಅಂತ ಕರೆಯಬೇಕಾಗುತ್ತಿತ್ತು. ಆಗ ನಿನಗೆ ಹದಿನಾರು. ನಿನ್ನ ಬಾಯಿಂದ ಆ ಪದ ಕಿತ್ತುಕೊಂಡದ್ದು ನಾನು.

ನನ್ನ ಒಳ್ಳೆಯ ಕಾಲ ಹತ್ತು ವರ್ಷಕ್ಕೆ ಮುಗಿಯಿತು. ಆಮೇಲೆ ಬಿಸಿನೀರಿನ ಬುಗ್ಗೆಗಳ ಹೋಟೆಲುಗಳು, ಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಕೇಳುವ ಅಜ್ಜ ಅಜ್ಜಿಯರು, ಗಂಟಲಿನ ಆಪರೇಷನ್ನು, ಮೂರು ಸ್ವರ ಕೆಳಗಿಳಿದ ಧ್ವನಿ. ಹಾಡುವುದನ್ನು ಮಾತ್ರ ಬಿಡಲಿಲ್ಲ. ಮುಖ ಕೆಂಪಾದ ಅಜ್ಜನೊಬ್ಬ ಮುಂದಿನ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಾ ಜೊತೆಗೆ ಹಾಡುವುದನ್ನು ನೋಡಿದರೆ, ಇಷ್ಟು ಸಾಕಪ್ಪ ಅನ್ನಿಸುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಚಿನೊಹೆಯ ಆ ಸಭಾಂಗಣ ಮಧ್ಯಾಹ್ನವೇ ತುಂಬಿತ್ತು. 'ಅಮ್ಮನಿಲ್ಲದ ಬಂದರು' ಹಾಡುವ ಮೊದಲು ನಲವತ್ತೇಳು ವರ್ಷದಿಂದ ಹೇಳುತ್ತಾ ಬಂದ ಮಾತೊಂದಿದೆ, ನಿನಗೂ ಬಾಯಿಪಾಠ ಇರಬೇಕು: ಒಂಬತ್ತು ವರ್ಷದವಳಿದ್ದಾಗ ಕಳೆದುಕೊಂಡ ನನ್ನ ತಾಯಿಗೆ ಈ ಹಾಡು. ಅವತ್ತು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮುಂದೆ ಕೂತವರ ಅರ್ಧ ಮುಖಗಳು ನನಗೆ ಗೊತ್ತಿದ್ದ ಮುಖಗಳೇ. ವಾದ್ಯದವರು ಪೀಠಿಕೆಯನ್ನು ಎರಡನೇ ಸಲ ನುಡಿಸಿದರು. ನಾನು ಕೈಯೆತ್ತಿ ನಿಲ್ಲಿಸಿದೆ.

"ನನ್ನ ಅಮ್ಮ ನನಗೆ ಒಂಬತ್ತು ವರ್ಷ ಇದ್ದಾಗ ಸಾಯಲಿಲ್ಲ," ಅಂದೆ. "ನನಗೆ ಐವತ್ತೆಂಟು ಇದ್ದಾಗ ಹೋದಳು. ಹೆಸರು ಇಸೊ. ಇದೇ ಊರಿನ ಮೀನು ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದಳು. ನಾನು ನಿಮಗೆಲ್ಲ ಸುಳ್ಳು ಹೇಳಿದೆ."

ಪರದೆಯ ಪಕ್ಕದಲ್ಲಿ ನನ್ನ ಮ್ಯಾನೇಜರ್ ನೆಜು ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿದ್ದ. ಆಗ ಮೂರನೇ ಸಾಲಿನಿಂದ ಒಂದು ಧ್ವನಿ ಬಂತು:

"ಗೊತ್ತು ಕಣೇ ಹತ್ಸುಯೆ! ಇಸೊ ನನ್ನ ಪಕ್ಕದ ಅಂಗಡಿಯವಳು! ಇಡೀ ಊರಿಗೇ ಗೊತ್ತು! ಅಳ್ತಾ ನಿಂತ್ಕೋಬೇಡ, ಹಾಡು!"

ತೋಮೆ ಅಜ್ಜಿ, ತಮಿ! ಅಮ್ಮನ ಪಕ್ಕದಲ್ಲಿ ಸ್ಕ್ವಿಡ್ ಮೀನು ಮಾರುತ್ತಿದ್ದ ಅದೇ ತೋಮೆ, ಎಂಬತ್ತೆಂಟು ವರ್ಷ! ಸಭೆಯೆಲ್ಲ ಗೊಳ್ಳೆಂದಿತು. ಹಿಂದಿನಿಂದ ಯಾರೋ, "ನಮ್ಮಪ್ಪನಿಗೂ ಗೊತ್ತಿತ್ತು!" ಅಂದರು. ನಾನು ಅಳುತ್ತಲೇ ಹಾಡಿದೆ. ಎತ್ತರದ ಸ್ವರಕ್ಕೆ ಬಂದಾಗ ಗಂಟಲು ಕೈಕೊಟ್ಟಿತು. ಆ ಸಾಲನ್ನು ಊರಿನವರು ಎತ್ತಿಕೊಂಡರು.

ಆಮೇಲೆ ತೋಮೆ ನಾನು ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಬಂದು ನಿನಗೂ ಗೊತ್ತಿರದ ಒಂದು ಕಥೆ ಹೇಳಿದಳು. ಎಪ್ಪತ್ತಮೂರರಲ್ಲಿ ಯಾವುದೋ ವಾರಪತ್ರಿಕೆಯವನು ಗುಟ್ಟು ಹುಡುಕಿಕೊಂಡು ಮಾರುಕಟ್ಟೆಗೆ ಬಂದು ಸೀದಾ ಅಮ್ಮನ ಅಂಗಡಿಯ ಮುಂದೆಯೇ ನಿಂತನಂತೆ.

"ಆ ಹಾಡೋ ಹುಡುಗಿಯ ತಾಯಿ ನಿಜವಾಗ್ಲೂ ತೀರ್ಕೊಂಡ್ರಾ?" ಅಂದನಂತೆ.

ಅಮ್ಮ ಅವನಿಗೆ ಮೀನು ತೂಗುತ್ತಲೇ, "ಪಾಪ, ಇಸೊ ಬಲು ಒಳ್ಳೆ ಹೆಂಗಸು. ಚೆಲುವೆ ಬೇರೆ. ಬೇಗ ಹೋಗ್ಬಿಟ್ಲು," ಅಂತ ಏಪ್ರನ್ನಿನ ಅಂಚಿಗೆ ಕಣ್ಣೊರೆಸಿಕೊಂಡು, ಗುಡ್ಡದ ಮೇಲಿನ ಯಾವುದೋ ಸಮಾಧಿಗೆ ದಾರಿ ತೋರಿಸಿದಳಂತೆ. ಅವನು ಹೂ ಕೊಂಡು ಹೋಗಿ ಯಾರದೋ ಅಜ್ಜನಿಗೆ ತಲೆಬಾಗಿ ಬಂದ. ಅವನ ಬೆನ್ನು ಮರೆಯಾಗುವವರೆಗೂ ಮಾರುಕಟ್ಟೆಯವರೆಲ್ಲ ತುಟಿ ಕಚ್ಚಿಕೊಂಡು ನಿಂತಿದ್ದರಂತೆ.

"ಚೆಲುವೆ ಅಂದ್ಲು ನೋಡು, ಅದೇ ದೊಡ್ಡ ಸುಳ್ಳು," ಅಂದಳು ತೋಮೆ. ಇಬ್ಬರೂ ನಕ್ಕು ಸುಸ್ತಾದೆವು.

ಪತ್ರಿಕೆಗಳು ಎರಡು ದಿನ ಬರೆದವು, ಆಮೇಲೆ ಬಿಟ್ಟವು. ಎರಡು ಊರಿನವರು ನನ್ನ ಕಾರ್ಯಕ್ರಮ ಬೇಡವೆಂದರು, ಐದು ಊರಿನವರು ಹೊಸದಾಗಿ ಕರೆದಿದ್ದಾರೆ. ಈಗ ನಾನು ಹಾಡಿನ ಮೊದಲು ಅಮ್ಮನ ನಿಜವಾದ ಕಥೆಗಳನ್ನೇ ಹೇಳುತ್ತೇನೆ. ಜನ ಮೊದಲು ನಗುತ್ತಾರೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ.

ನಿನ್ನಲ್ಲಿ ಒಂದು ಬೇಡಿಕೆ. ಅಮ್ಮನ ಸಮಾಧಿಯ ಕಲ್ಲಿನ ಒಂದು ಬದಿಗೆ, ಅದನ್ನು ನಿಲ್ಲಿಸಿದ ಮಗಳು ಅಂತ ನಿನ್ನ ಹೆಸರೊಂದೇ ಇದೆ. ಅದು ನ್ಯಾಯವೇ. ಕೊನೆಗಾಲದಲ್ಲಿ ಅವಳನ್ನು ಹೊರಳಿಸಿ ಮಲಗಿಸಿದವಳು ನೀನು. ನಿನ್ನ ಹೆಸರಿನ ಕೆಳಗೆ, ಚಿಕ್ಕದಾಗಿ, ನನ್ನ ಹೆಸರನ್ನೂ ಕೆತ್ತಿಸಲೇ? ನೀನು ಒಪ್ಪಿದರೆ ಮಾತ್ರ. ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ಕಲ್ಲುಕುಟಿಗನನ್ನು ಕರೆಸುವಾಗ ನೀನೂ ಪಕ್ಕದಲ್ಲಿದ್ದರೆ ನನಗೆ ಆನೆಬಲ.

ಯಜಮಾನರು ಸುಖವಾಗಿರಲಿ, ಬಲೆ ತುಂಬಲಿ. ನಿನ್ನ ಮೊಮ್ಮಕ್ಕಳ ಕಾಲಿಗೆ ಮುಳ್ಳೂ ತಾಗದಿರಲಿ. ನೀನು ನೂರು ವರ್ಷ ಬಾಳು, ನನ್ನನ್ನು ಬೈಯುತ್ತಾದರೂ ಬಾಳು.

ನಿನ್ನ ಅಕ್ಕ
ಹತ್ಸುಯೆ

ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು: ಎಪ್ಪತ್ತಾರರ ಶರತ್ಕಾಲದಲ್ಲಿ ಅಮ್ಮ ನೆಂಟರ ಮದುವೆಯೆಂದು ಹೇಳಿ ಟೋಕಿಯೊಗೆ ಬಂದಿದ್ದಳಲ್ಲ, ಅಂಥ ಮದುವೆ ಯಾವುದೂ ಇರಲಿಲ್ಲ. ಅಸಕುಸದ ರಂಗಮಂದಿರದಲ್ಲಿ ನನ್ನ ಮಧ್ಯಾಹ್ನದ ಕಾರ್ಯಕ್ರಮ ಮುಗಿದಾಗ ಹಿಂಬಾಗಿಲಲ್ಲಿ ಸಹಿಗಾಗಿ ನಲವತ್ತು ಜನ ಸಾಲು ನಿಂತಿದ್ದರು. ಆ ಸಾಲಿನಲ್ಲಿ ಕಂದು ಕಿಮೊನೊ ಉಟ್ಟು ಅಮ್ಮನೂ ನಿಂತಿದ್ದಳು, ಕೈಯಲ್ಲಿ ಸಹಿಯ ರಟ್ಟು ಹಿಡಿದುಕೊಂಡು. ನನ್ನ ಪಕ್ಕದಲ್ಲಿ ಕ್ಯಾಮೆರಾದವನಿದ್ದ. ಅವಳ ಸರದಿ ಬಂದಾಗ ನಾನು, "ಯಾರ ಹೆಸರಿಗೆ ಬರೀಲಿ?" ಅಂತ ಕೇಳಿದೆ. ಅವಳು ನನ್ನನ್ನೇ ನೋಡಿ, "ಸುಮಾ ಅಂತ ಬರೀರಿ," ಅಂದಳು. ಬರೀರಿ ಅಂದಳು, ತಮಿ. "ಗಂಟಲು ಜೋಪಾನ. ತಣ್ಣೀರು ಕುಡೀಬೇಡಿ." ಆಮೇಲೆ ಬಾಗಿ ವಂದಿಸಿದಳು. ಮಿಕ್ಕವರಿಗೆ ಬಾಗಿದಷ್ಟೇ ನಾನೂ ಬಾಗಿದೆ, ಮುಂದಿನವರ ರಟ್ಟಿಗೆ ಕೈ ಚಾಚಿದೆ. ಅವಳು ಮತ್ತೆಂದೂ ಟೋಕಿಯೊಗೆ ಬರಲಿಲ್ಲ. ಅಮ್ಮನ ಸಾಮಾನಿನಲ್ಲಿ ಆ ರಟ್ಟು ನಿನಗೆ ಸಿಕ್ಕಿದ್ದು, ಈ ಸುಮಾ ಯಾರಪ್ಪ ಅಂತ ಎಸೆಯದೆ ಇಟ್ಟಿದ್ದರೆ, ಮಾರ್ಚಿನಲ್ಲಿ ತಂದುಕೊಡು. ಅದರ ಮೇಲೆ ನಾನು ಅಮ್ಮ ಅಂತ ಬರೆಯಬೇಕು.